ಅಸೆಂಬಲ್ ಮಾಡಿದ ಆಂಪ್ಲಿಫೈಯರ್‌ಗೆ ರಿಮೋಟ್: ಮೊದಲು ಹಮ್ಮಿಂಗ್ ಇಳಿಸಿ, ಆಮೇಲೆ ಬೋರ್ಡ್ ಕೂಡಿಸಿ

ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿದ ಸ್ಟೀರಿಯೋ ಆಂಪ್ಲಿಫೈಯರ್‌ಗೆ ರಿಮೋಟ್ ಕಿಟ್ ಹಾಕಿಸಿದವರು ಸಾಮಾನ್ಯವಾಗಿ ಹೇಳುವ ದೂರು ಒಂದೇ: ಅಲ್ಲಿಯವರೆಗೆ ಅಷ್ಟಾಗಿ ಕೇಳದಿದ್ದ ಗುಂಯ್ ಎನ್ನುವ ಸದ್ದು (ಹಮ್ಮಿಂಗ್) ಈಗ ಹಾಡಿನ ನಡುವಿನ ಮೌನದಲ್ಲೆಲ್ಲ ಕೇಳತೊಡಗಿದೆ. ಕಿಟ್ ಕಳಪೆ ಎಂದು ಅಂಗಡಿಯವರ ಬಳಿ ಬದಲಾಯಿಸಿಕೊಂಡು ಬಂದರೂ ಸದ್ದು ಹೋಗುವುದಿಲ್ಲ. ಏಕೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ಕಿಟ್ಟಿನಲ್ಲಿ ಅಲ್ಲ. ಅದರ ಗ್ರೌಂಡ್ ವೈರು, ಅಂದರೆ ಕರೆಂಟು ಸಪ್ಲೈಗೆ ಮರಳುವ ಸೊನ್ನೆ ವೋಲ್ಟಿನ ವೈರು, ಆಂಪ್ಲಿಫೈಯರ್‌ನ ಗ್ರೌಂಡಿಗೆ ಎಲ್ಲಿ ಮತ್ತು ಎಷ್ಟು ಕಡೆ ಸೇರಿದೆ ಎಂಬುದರಲ್ಲಿ. ಹೀಗಾಗಿ ರಿಮೋಟ್ ಅಳವಡಿಸುವುದನ್ನೂ ಹಮ್ಮಿಂಗ್ ಇಳಿಸುವುದನ್ನೂ ಎರಡು ಬೇರೆ ಕೆಲಸಗಳೆಂದು ನೋಡದೆ, ಮೊದಲು ಆಂಪ್ಲಿಫೈಯರನ್ನು ಸದ್ದಿಲ್ಲದಂತೆ ಮಾಡಿ, ಆ ಸ್ಥಿತಿಯನ್ನು ಅಳೆದು ಬರೆದಿಟ್ಟುಕೊಂಡು, ನಂತರ ರಿಮೋಟ್ ಭಾಗವನ್ನು ಒಂದೊಂದಾಗಿ ಕೂಡಿಸುತ್ತ ಹೋಗುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಉದಾಹರಣೆಗೆ ನಮ್ಮಲ್ಲಿ ತುಂಬಾ ಬಳಕೆಯಲ್ಲಿರುವ ಟಿಡಿಎ 7294 ಐಸಿಯ ಎರಡು ಬೋರ್ಡುಗಳು, 18-0-18 ವೋಲ್ಟ್ ಟ್ರಾನ್ಸ್‌ಫಾರ್ಮರ್, ಒಂದು ಬ್ರಿಡ್ಜ್ ರೆಕ್ಟಿಫೈಯರ್ ಮತ್ತು ಪ್ರತಿ ಬದಿಗೆ 4700 ಮೈಕ್ರೋಫ್ಯಾರಡ್ ಫಿಲ್ಟರ್ ಕೆಪಾಸಿಟರ್ ಇರುವ ಆಂಪ್ಲಿಫೈಯರನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಸಾಮಾನೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಟಿಡಿಎ 2030, ಎಲ್‌ಎಂ 1875 ಅಥವಾ ಟ್ರಾನ್ಸಿಸ್ಟರ್ ಬೋರ್ಡುಗಳಿದ್ದರೂ ಗ್ರೌಂಡಿನ ವಿಷಯದಲ್ಲಿ ಹೇಳುವುದೆಲ್ಲ ಹಾಗೆಯೇ ಅನ್ವಯಿಸುತ್ತದೆ.

ಮುಚ್ಚಳ ತೆಗೆಯುವ ಮುನ್ನ

ಪ್ಲಗ್ಗನ್ನು ಸಾಕೆಟ್‌ನಿಂದ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಟ್ಟುಕೊಳ್ಳಿ. ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ಹಳೆಯ ವೈರಿಂಗ್‌ನಲ್ಲಿ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ವೈರಿನಲ್ಲಿ ಕೂತಿರುವುದುಂಟು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಪ್ಲಸ್ 25 ಮತ್ತು ಮೈನಸ್ 25 ವೋಲ್ಟ್ ಉಳಿದಿರುತ್ತದೆ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡುವ ಅಭ್ಯಾಸ ಕೆಪಾಸಿಟರಿಗೂ ಕಣ್ಣಿಗೂ ಒಳ್ಳೆಯದಲ್ಲ. 470 ಓಮ್, 5 ವಾಟ್ ರೆಸಿಸ್ಟರಿನ ಎರಡು ಕಾಲುಗಳಿಗೆ ಇನ್ಸುಲೇಷನ್ ಇರುವ ವೈರು ಬೆಸೆದು, ಪ್ರತಿ ಕೆಪಾಸಿಟರಿನ ಮೇಲೂ ಇಪ್ಪತ್ತು ಸೆಕೆಂಡು ಹಿಡಿದು, ಮೀಟರಿನಲ್ಲಿ ಒಂದು ವೋಲ್ಟಿಗಿಂತ ಕಡಿಮೆ ಇದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ಕೈ ಹಾಕಿ. ವೈರಿಂಗ್ ಬದಲಿಸಿದ ಮೇಲೆ ಮೊದಲ ಸಲ ಕರೆಂಟ್ ಕೊಡುವಾಗ 60 ಅಥವಾ 100 ವಾಟ್‌ನ ಹಳೆಯ ಫಿಲಮೆಂಟ್ ಬಲ್ಬನ್ನು ಫೇಸ್ ವೈರಿಗೆ ಸೀರೀಸ್‌ನಲ್ಲಿ ಹಾಕಿರಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಮುಂದುವರಿಯಬಹುದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

ಸದ್ದನ್ನು ಅಳೆಯುವುದು, ಮೂಲವನ್ನು ಹುಡುಕುವುದು

ಕಿವಿಯೊಂದನ್ನೇ ನಂಬಿದರೆ ಕೆಲಸ ಮುಂದೆ ಸಾಗುವುದಿಲ್ಲ, ಏಕೆಂದರೆ ಹಗಲಿನ ಗದ್ದಲದಲ್ಲಿ ಕೇಳದ್ದು ರಾತ್ರಿ ಹನ್ನೊಂದಕ್ಕೆ ಕೇಳುತ್ತದೆ. ಸ್ಪೀಕರ್ ಟರ್ಮಿನಲ್‌ಗಳ ಮೇಲೆ ಮಲ್ಟಿಮೀಟರನ್ನು ಎಸಿ ಮಿಲಿವೋಲ್ಟ್ ರೇಂಜಿನಲ್ಲಿಟ್ಟು ಓದಿಕೊಳ್ಳಿ. ತೀರಾ ಅಗ್ಗದ ಹಳದಿ ಮೀಟರುಗಳಲ್ಲಿ ಎಸಿಗೆ 200 ಮತ್ತು 750 ವೋಲ್ಟ್ ರೇಂಜ್‌ಗಳು ಮಾತ್ರ ಇರುವುದರಿಂದ ಅವು ಇಲ್ಲಿ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತವೆ. ಮಿಲಿವೋಲ್ಟ್ ಎಸಿ ಓದುವ ಮೀಟರನ್ನು ಎರವಲಾದರೂ ತನ್ನಿ. ಸಾಮಾನ್ಯ ಮನೆಯ ಸ್ಪೀಕರಿನಲ್ಲಿ ಒಂದು ಮಿಲಿವೋಲ್ಟಿನಷ್ಟು ಹಮ್ಮಿಂಗ್ ಹತ್ತಿರ ಕೂತರೂ ಕೇಳುವುದಿಲ್ಲ, ಹತ್ತು ಮಿಲಿವೋಲ್ಟಿನಷ್ಟು 100 ಹರ್ಟ್ಜ್ ಸದ್ದು ರಾತ್ರಿಯ ನಿಶ್ಶಬ್ದದಲ್ಲಿ ಕೇಳುತ್ತದೆ. ಈ ಬೋರ್ಡುಗಳ ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಸಾಮಾನ್ಯವಾಗಿ ಮೂವತ್ತಕ್ಕೂ ಹೆಚ್ಚು ಪಟ್ಟು ಇರುವುದರಿಂದ ಇನ್‌ಪುಟ್ಟಿನಲ್ಲಿ ಮೂರನೇ ಒಂದು ಮಿಲಿವೋಲ್ಟ್ ನುಸುಳಿದರೂ ಸಾಕು, ಔಟ್‌ಪುಟ್ಟಿನಲ್ಲಿ ಆ ಹತ್ತು ಮಿಲಿವೋಲ್ಟ್ ಕಾಣಿಸಿಕೊಳ್ಳುತ್ತದೆ.

ಈಗ ಸದ್ದಿನ ಸ್ವಭಾವ ನೋಡಿ. ನಮ್ಮ ಮನೆಗಳ ಕರೆಂಟು 230 ವೋಲ್ಟ್, 50 ಹರ್ಟ್ಜ್. ಮೃದುವಾದ, ದಪ್ಪ ದನಿಯ 50 ಹರ್ಟ್ಜ್ ಸದ್ದು ಇದ್ದರೆ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನೋ, ಹೊರಗಿನ ಉಪಕರಣದೊಂದಿಗಿನ ಗ್ರೌಂಡ್ ಲೂಪನ್ನೋ (ಎರಡು ದಾರಿಯಲ್ಲಿ ಸೇರಿದ ಗ್ರೌಂಡ್ ವೈರುಗಳು ಕಟ್ಟುವ ಸುತ್ತು), ಶೀಲ್ಡ್ (ವೈರಿನ ಹೊರಗಿನ ಲೋಹದ ಹೆಣಿಗೆ) ಕಿತ್ತುಹೋದ ಇನ್‌ಪುಟ್ ವೈರನ್ನೋ ಶಂಕಿಸಬೇಕು. ಸ್ವಲ್ಪ ಒರಟಾಗಿ, ಜೀರುಂಡೆಯ ದನಿಯತ್ತ ವಾಲುವ 100 ಹರ್ಟ್ಜ್ ಸದ್ದು ರೆಕ್ಟಿಫೈಯರ್ ಕಡೆಯಿಂದ ಬಂದದ್ದು. ಕಿವಿಗೆ ವ್ಯತ್ಯಾಸ ತಿಳಿಯದಿದ್ದರೆ ಮೊಬೈಲಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಯಾವುದಾದರೂ ಆ್ಯಪ್ ಹಾಕಿಕೊಂಡು ಮೈಕನ್ನು ವೂಫರಿನ ಬಳಿ ಹಿಡಿದರೆ ಶಿಖರ ಎಲ್ಲಿದೆ ಎಂಬುದು ಕಾಣುತ್ತದೆ.

ಅದಾದ ಮೇಲೆ ಭಾಗಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಬೇಕು. ವಾಲ್ಯೂಮ್ ಪೂರ್ತಿ ಇಳಿಸಿದಾಗ ಸದ್ದು ಮಾಯವಾದರೆ ಮೂಲವು ವಾಲ್ಯೂಮ್ ಕಂಟ್ರೋಲಿಗಿಂತ ಹಿಂದೆ, ಅಂದರೆ ಇನ್‌ಪುಟ್ ಕಡೆ ಇದೆ. ಹಾಗೆಯೇ ಉಳಿದರೆ ಅದರ ಮುಂದಿದೆ. ಹಿಂಬದಿಯ ಆರ್‌ಸಿಎ ಕೇಬಲ್‌ಗಳನ್ನೆಲ್ಲ ಕಿತ್ತು, ಒಳ ತಂತಿಯನ್ನು ಹೊರ ತಂತಿಗೆ ಬೆಸೆದ ಖಾಲಿ ಆರ್‌ಸಿಎ ಪಿನ್‌ಗಳನ್ನು ಸಾಕೆಟ್ಟಿಗೆ ಚುಚ್ಚಿ. ಆಗ ಸದ್ದು ನಿಂತರೆ ಆಂಪ್ಲಿಫೈಯರ್ ನಿರ್ದೋಷಿ. ಟಿವಿ, ಸೆಟ್‌ಟಾಪ್ ಬಾಕ್ಸ್ ಅಥವಾ ಲ್ಯಾಪ್‌ಟಾಪ್ ಕಡೆ ನೋಡಬೇಕು. ನಿಲ್ಲದಿದ್ದರೆ ಇನ್‌ಪುಟ್ ವೈರುಗಳನ್ನು ಬೋರ್ಡಿನಿಂದಲೇ ಬಿಡಿಸಿ, ಬೋರ್ಡಿನ ಇನ್‌ಪುಟ್ ಪಿನ್ನನ್ನು ಅಲ್ಲೇ ಪಕ್ಕದ ಗ್ರೌಂಡ್ ಪಿನ್ನಿಗೆ ಶಾರ್ಟ್ ಮಾಡಿ ಮತ್ತೆ ಅಳೆಯಿರಿ. ಪ್ರತಿ ಹಂತದ ಮಿಲಿವೋಲ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಇದೇ ಚೀಟಿ ರಿಮೋಟ್ ಹಾಕುವಾಗ ಬೇಕಾಗುತ್ತದೆ.

ಒಳಗಿನ ಗ್ರೌಂಡ್

ಹಮ್ಮಿಂಗ್ ಎಂದ ಕೂಡಲೇ ದೊಡ್ಡ ಕೆಪಾಸಿಟರ್ ಹಾಕಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಲೆಕ್ಕ ಹಾಕಿ ನೋಡಿದರೆ ಅದು ಅಷ್ಟೇನೂ ಸರಿಯಲ್ಲ. ಹಾಡಿಲ್ಲದಾಗ ಒಂದು ಟಿಡಿಎ 7294 ಎಳೆಯುವ ಕರೆಂಟ್ ಸುಮಾರು 30 ಮಿಲಿಆಂಪಿಯರ್, ಎರಡಕ್ಕೆ 60. ಅಷ್ಟು ಹೊರೆಗೆ 4700 ಮೈಕ್ರೋಫ್ಯಾರಡ್ ಮೇಲೆ ಏಳುವ ರಿಪಲ್ (ಡಿಸಿ ವೋಲ್ಟೇಜಿನ ಏರಿಳಿತ) ಹೆಚ್ಚೆಂದರೆ 0.13 ವೋಲ್ಟ್, ಅದನ್ನು ಐಸಿ ತಾನೇ ತಡೆದುಕೊಳ್ಳುತ್ತದೆ. ಪೂರ್ತಿ ದನಿಯಲ್ಲಿ ಹಾಡುವಾಗ ಸರಾಸರಿ ಒಂದು ಆಂಪಿಯರ್ ಎಳೆದರೆ ಅದೇ ರಿಪಲ್ ಎರಡು ವೋಲ್ಟ್ ದಾಟುತ್ತದೆ ನಿಜ, ಆದರೆ ಆಗ ಅದನ್ನು ಕೇಳುವವರು ಯಾರೂ ಇಲ್ಲ. ಮೌನದಲ್ಲಿ ಕೇಳುವ 100 ಹರ್ಟ್ಜ್ ಸದ್ದಿನ ನಿಜವಾದ ಕಾರಣ ಬೇರೆ: ಕೆಪಾಸಿಟರುಗಳು ಸದಾಕಾಲ ಒಂದೇ ಸಮನೆ ಚಾರ್ಜ್ ಆಗದೆ, ಹತ್ತು ಮಿಲಿಸೆಕೆಂಡಿಗೊಮ್ಮೆ, ವೋಲ್ಟೇಜ್ ತುದಿ ಮುಟ್ಟುವ ಅತಿ ಸಣ್ಣ ಅವಧಿಯಲ್ಲಿ, ಸರಾಸರಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಕರೆಂಟನ್ನು ಒಮ್ಮೆಲೇ ಎಳೆದುಕೊಳ್ಳುತ್ತವೆ. ಆ ಹೊಡೆತದ ಕರೆಂಟು ಹರಿಯುವ ವೈರಿನ ತುಂಡಿಗೇ ಸಿಗ್ನಲ್ ಗ್ರೌಂಡನ್ನೂ ಸೇರಿಸಿದ್ದರೆ, ವೈರಿನ ಕಿಂಚಿತ್ ರೆಸಿಸ್ಟೆನ್ಸ್ ಮೇಲೆ ಏಳುವ ವೋಲ್ಟೇಜು ಹಾಡಿನ ಜೊತೆ ಕೂಡಿ ಮೂವತ್ತು ಪಟ್ಟು ದೊಡ್ಡದಾಗುತ್ತದೆ. ಮನೆಯ ಓವರ್‌ಹೆಡ್ ಟ್ಯಾಂಕಿನಿಂದ ಬರುವ ಒಂದೇ ಪೈಪಿಗೆ ಎಲ್ಲ ನಲ್ಲಿಗಳನ್ನೂ ಹಾಕಿದ್ದರೆ ಕೆಳಗಿನ ಬಚ್ಚಲಿನ ನಲ್ಲಿ ತಿರುಗಿಸಿದಾಗ ಮೇಲಿನ ಶವರ್ ಬಡವಾಗುವುದು ಇದೇ ಕಾರಣಕ್ಕೆ. ಕೆಪಾಸಿಟರ್ ದೊಡ್ಡದು ಮಾಡಿದರೆ ಹೊಡೆತದ ಅವಧಿ ಇನ್ನೂ ಚಿಕ್ಕದಾಗಿ ತೀವ್ರತೆ ಏರುತ್ತದೆಯೇ ಹೊರತು ಈ ತೊಂದರೆ ತಪ್ಪುವುದಿಲ್ಲ.

ಆದ್ದರಿಂದ ವೈರಿಂಗನ್ನು ಹೀಗೆ ಬದಲಿಸಿ. ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪನ್ನು (18-0-18ರಲ್ಲಿ 0 ತುದಿ) ಎರಡೂ ಫಿಲ್ಟರ್ ಕೆಪಾಸಿಟರುಗಳು ಸೇರುವ ಜಾಗಕ್ಕೆ ದಪ್ಪ ವೈರಿನಿಂದ ತನ್ನಿ, ಆದರೆ ಅಲ್ಲಿಗೆ ಬೇರೇನನ್ನೂ ಸೇರಿಸಬೇಡಿ. ಅಲ್ಲಿಂದ ಎರಡು-ಮೂರು ಸೆಂಟಿಮೀಟರ್ ದೂರಕ್ಕೆ ಒಂದೇ ಒಂದು ದಪ್ಪ ವೈರನ್ನು ಎಳೆದು, ಅದರ ತುದಿಯಲ್ಲಿ ಒಂದು ಬೋಲ್ಟ್ ಅಥವಾ ತಾಮ್ರದ ಪಟ್ಟಿ ಇಟ್ಟು ಅದನ್ನು ಸ್ಟಾರ್ ಗ್ರೌಂಡ್ ಮಾಡಿಕೊಳ್ಳಿ. ಸ್ಪೀಕರುಗಳ ಮೈನಸ್ ವೈರುಗಳು ಮತ್ತು ಎರಡೂ ಬೋರ್ಡುಗಳ ಪವರ್ ಗ್ರೌಂಡುಗಳು ತಂತಮ್ಮ ಪ್ರತ್ಯೇಕ ವೈರಿನಲ್ಲಿ ಈ ಬಿಂದುವಿಗೆ ಬರಬೇಕು. ಸ್ಪೀಕರಿನ ಮೈನಸ್ಸನ್ನು ಹತ್ತಿರವೆಂದು ಬೋರ್ಡಿನ ಇನ್‌ಪುಟ್ ಗ್ರೌಂಡಿಗೆ ಬೆಸೆಯುವುದು, ಆರ್‌ಸಿಎ ಸಾಕೆಟ್ಟಿನ ಲೋಹದ ಭಾಗ ನೇರವಾಗಿ ಕ್ಯಾಬಿನೆಟ್ಟಿಗೆ ತಾಗುವಂತೆ ಬಿಗಿಯುವುದು, ಈ ಎರಡು ತಪ್ಪುಗಳು ಅಸೆಂಬಲ್ ಮಾಡಿದ ಪೆಟ್ಟಿಗೆಗಳಲ್ಲಿ ಪದೇ ಪದೇ ಕಾಣುತ್ತವೆ. ಸಾಕೆಟ್ಟುಗಳಿಗೆ ಪ್ಲಾಸ್ಟಿಕ್ ವಾಷರ್ ಹಾಕಿರಿ.

ಇನ್‌ಪುಟ್ ವೈರು ಶೀಲ್ಡ್ ಇರುವುದೇ ಆಗಬೇಕು. ಎಡ ಮತ್ತು ಬಲ ಚಾನೆಲ್‌ಗಳ ಶೀಲ್ಡುಗಳು ವಾಲ್ಯೂಮ್ ಕಂಟ್ರೋಲಿನಲ್ಲಿ ಕೂಡಿ, ಎರಡು ಬೋರ್ಡುಗಳ ಮೂಲಕ ಸ್ಟಾರ್ ಗ್ರೌಂಡಿನಲ್ಲಿ ಮತ್ತೆ ಕೂಡುವುದರಿಂದ ಪೆಟ್ಟಿಗೆಯ ಒಳಗೇ ಒಂದು ಲೂಪ್ ಆಗಿಬಿಡುತ್ತದೆ. ಅದನ್ನು ಪೂರ್ತಿ ತಪ್ಪಿಸುವುದು ಕಷ್ಟ. ಎರಡೂ ವೈರುಗಳನ್ನು ಒಂದಕ್ಕೊಂದು ಅಂಟಿಸಿ ಟೈ ಹಾಕಿ, ಟ್ರಾನ್ಸ್‌ಫಾರ್ಮರಿನಿಂದ ದೂರದ ಗೋಡೆಯಗುಂಟ ಒಯ್ದರೆ ಲೂಪಿನ ವಿಸ್ತೀರ್ಣ ಕಡಿಮೆಯಾಗಿ ಅದು ಹಿಡಿಯುವ ಕಾಂತಕ್ಷೇತ್ರವೂ ಕಡಿಮೆಯಾಗುತ್ತದೆ. ವಾಲ್ಯೂಮ್ ಕಂಟ್ರೋಲಿನ ಲೋಹದ ಮೈಯನ್ನು ಗ್ರೌಂಡಿಗೆ ಸೇರಿಸಿ. ನಾಬ್ ಮುಟ್ಟಿದಾಗ ಸದ್ದು ಇಳಿಯುತ್ತಿದ್ದರೆ ಈ ಒಂದು ವೈರು ಇಲ್ಲವೆಂದೇ ಅರ್ಥ.

ಟ್ರಾನ್ಸ್‌ಫಾರ್ಮರಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅದನ್ನು ಬೋಲ್ಟಿನಿಂದ ಬಿಗಿಯುವ ಮುನ್ನ, ಉದ್ದ ವೈರಿನಲ್ಲಿ ಚಾಲೂ ಇಟ್ಟು, ಇನ್ಸುಲೇಷನ್ ಇರುವ ಭಾಗವನ್ನೇ ಹಿಡಿದು ನಿಧಾನವಾಗಿ ತಿರುಗಿಸುತ್ತ ಮೀಟರ್ ನೋಡಿದರೆ ಒಂದು ಕೋನದಲ್ಲಿ ಓದು ಸ್ಪಷ್ಟವಾಗಿ ಇಳಿಯುತ್ತದೆ, ಅಲ್ಲಿಯೇ ಬಿಗಿಯಿರಿ. 230 ವೋಲ್ಟಿನ ತುದಿಗಳಿಗೆ ಸ್ಲೀವ್ ಹಾಕದೆ ಈ ಪರೀಕ್ಷೆ ಮಾಡಕೂಡದು.

ಹೊರಗಿನ ಲೂಪ್, ಮತ್ತು ಅರ್ಥ್ ಪಿನ್ನಿನ ಮಾತು

ಖಾಲಿ ಆರ್‌ಸಿಎ ಪಿನ್ ಚುಚ್ಚಿದಾಗ ಮೌನವಾಗಿದ್ದ ಆಂಪ್ಲಿಫೈಯರ್, ಟಿವಿ ಸೇರಿಸಿದ ಕೂಡಲೇ ಗುಂಯ್‌ಗುಟ್ಟಿದರೆ ಕೇಬಲ್ ಟಿವಿಯ ಅಥವಾ ಡಿಷ್‌ನ ಕೋಆಕ್ಸಿಯಲ್ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಒಮ್ಮೆ ಕಿತ್ತು ನೋಡಿ. ಸದ್ದು ನಿಂತರೆ ಆ ವೈರಿನ ಹೊರಪದರವು ಬೇರೆಲ್ಲೋ ಭೂಮಿಗೆ ತಾಗಿ, ನಿಮ್ಮ ಮನೆಯ ಅರ್ಥ್‌ನೊಂದಿಗೆ ಲೂಪ್ ಕಟ್ಟಿದೆ. ಕೇಬಲ್ ಟಿವಿಗೆ ಗ್ಯಾಲ್ವನಿಕ್ ಐಸೊಲೇಟರ್ ಎಂಬ ಸಣ್ಣ ಜೋಡಣೆ ಸಿಗುತ್ತದೆ. ಡಿಷ್ ವೈರಿಗೆ ಅದು ನಡೆಯದು, ಏಕೆಂದರೆ ಅದೇ ವೈರಿನಲ್ಲಿ ಡಿಷ್‌ನ ಎಲ್‌ಎನ್‌ಬಿಗೆ (ತಟ್ಟೆಯ ಮುಂದಿನ ರಿಸೀವರಿಗೆ) ಡಿಸಿ ಕರೆಂಟ್ ಹೋಗಬೇಕು. ಅಲ್ಲಿ ಆಡಿಯೋ ಕೇಬಲ್ಲಿನ ನಡುವೆ 600 ಓಮ್‌ನ ಒಂದಕ್ಕೊಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕುವುದೇ ಉಪಾಯ. ಲ್ಯಾಪ್‌ಟಾಪಿನ ವಿಷಯ ಇನ್ನೂ ಸುಲಭ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಹಾಡಿಸಿದಾಗ ಸದ್ದು ನಿಂತರೆ ಅಪರಾಧಿ ಸಿಕ್ಕಂತೆ.

ಇಂಥ ಸಂದರ್ಭದಲ್ಲಿ ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವ ಅಥವಾ ಒಳಗಿನ ಹಸಿರು ವೈರನ್ನು ಕತ್ತರಿಸುವ ಸಲಹೆಯನ್ನು ರಿಪೇರಿಯವರೇ ಕೊಡುವುದುಂಟು. ಸದ್ದು ನಿಲ್ಲುತ್ತದೆ ಎಂಬುದು ನಿಜ. ಆದರೆ ಮುಂದೊಂದು ದಿನ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಸೋತು ಫೇಸ್ ವೈರು ಲೋಹದ ಪೆಟ್ಟಿಗೆಗೆ ತಾಗಿದರೆ ಫ್ಯೂಸ್ ಹೋಗುವ ಬದಲು ನಾಬ್ ಮುಟ್ಟಿದವರಿಗೆ ಷಾಕ್ ಹೊಡೆಯುತ್ತದೆ. ಕ್ಯಾಬಿನೆಟ್ ಸದಾ ಅರ್ಥ್‌ಗೆ ಬಿಗಿಯಾಗಿ ಸೇರಿರಲಿ. ಬೇರ್ಪಡಿಸಬೇಕಾದದ್ದು ಕ್ಯಾಬಿನೆಟ್ಟನ್ನಲ್ಲ, ಸ್ಟಾರ್ ಗ್ರೌಂಡನ್ನು: ಅದಕ್ಕೂ ಕ್ಯಾಬಿನೆಟ್ಟಿಗೂ ನಡುವೆ 10 ಓಮ್ ರೆಸಿಸ್ಟರ್, ಅದಕ್ಕೆ ಪ್ಯಾರಲಲ್ ಆಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 25 ಅಥವಾ 35 ಆಂಪಿಯರ್‌ನ ಒಂದು ಬ್ರಿಡ್ಜ್ ಹಾಕಿರಿ. ಬ್ರಿಡ್ಜಿನ ಪ್ಲಸ್ ಮತ್ತು ಮೈನಸ್ ಕಾಲುಗಳನ್ನು ಒಂದಕ್ಕೊಂದು ಬೆಸೆದು, ಎಸಿ ಕಾಲುಗಳಲ್ಲಿ ಒಂದನ್ನು ಸ್ಟಾರಿಗೆ, ಇನ್ನೊಂದನ್ನು ಕ್ಯಾಬಿನೆಟ್ಟಿಗೆ ಕೊಡಬೇಕು. ಲೂಪಿನ ಮಿಲಿವೋಲ್ಟುಗಳಿಗೆ 10 ಓಮ್ ಅಡ್ಡಿಯಾಗುತ್ತದೆ. ದೋಷದ ದೊಡ್ಡ ಕರೆಂಟು ಬಂದರೆ ಡಯೋಡುಗಳು ಅದನ್ನು ಅರ್ಥ್‌ಗೆ ದಾಟಿಸಿ ಫ್ಯೂಸ್ ಹಾರಿಸುತ್ತವೆ. ಹಳೆಯ ಮನೆಗಳ ಸಾಕೆಟ್ಟಿನ ಮೂರನೆಯ ರಂಧ್ರದ ಹಿಂದೆ ವೈರೇ ಇಲ್ಲದಿರುವುದೂ ಇದೆ, ಅದನ್ನು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿಕೊಳ್ಳಬೇಕು.

ರಿಮೋಟ್: ಯಾವ ಬಗೆಯದು?

ಮೀಟರಿನ ಓದು ಒಂದೆರಡು ಮಿಲಿವೋಲ್ಟಿಗೆ ಇಳಿದ ಮೇಲಷ್ಟೇ ಈ ಹಂತಕ್ಕೆ ಬನ್ನಿ. ವಾಲ್ಯೂಮನ್ನು ರಿಮೋಟಿನಿಂದ ತಿರುಗಿಸಲು ಎರಡು ದಾರಿಗಳಿವೆ. ಮೊದಲನೆಯದು ಮೋಟಾರ್ ಇರುವ ವಾಲ್ಯೂಮ್ ಕಂಟ್ರೋಲ್. ಇದರಲ್ಲಿ ಸಾಮಾನ್ಯ ಕಂಟ್ರೋಲಿನ ಬೆನ್ನಿಗೆ 5 ವೋಲ್ಟಿನ ಪುಟ್ಟ ಮೋಟಾರು ಮತ್ತು ಕ್ಲಚ್ ಇರುತ್ತವೆ. ಕೈಯಿಂದಲೂ ತಿರುಗಿಸಬಹುದು, ತುದಿ ಮುಟ್ಟಿದರೆ ಕ್ಲಚ್ ಜಾರುತ್ತದೆ. ಎರಡನೆಯದು ಪಿಟಿ 2314ರಂಥ ಐಸಿ. ಇದು ನಾಲ್ಕು ಸ್ಟೀರಿಯೋ ಇನ್‌ಪುಟ್‌ಗಳ ಆಯ್ಕೆ, ವಾಲ್ಯೂಮ್, ಬಾಸ್, ಟ್ರೆಬಲ್ ಎಲ್ಲವನ್ನೂ ಐ-ಸ್ಕ್ವೇರ್-ಸಿ ಎಂಬ ಎರಡು ವೈರಿನ ಆದೇಶದಿಂದ ಮಾಡುತ್ತದೆ, ಬೆಲೆಯೂ ಕಡಿಮೆ. ಹಮ್ಮಿಂಗ್ ದೃಷ್ಟಿಯಿಂದ ನನ್ನ ಆಯ್ಕೆ ಮೋಟಾರಿನದು. ಮೋಟಾರಿಗೂ ಹಾಡು ಹರಿಯುವ ಟ್ರ್ಯಾಕಿಗೂ ವಿದ್ಯುತ್ ಸಂಬಂಧವೇ ಇಲ್ಲದಿರುವುದರಿಂದ ರಿಮೋಟ್ ಬೋರ್ಡಿನ ಗ್ರೌಂಡನ್ನು ಆಡಿಯೋ ಗ್ರೌಂಡಿಗೆ ಸೇರಿಸುವ ಅಗತ್ಯವೇ ಬೀಳುವುದಿಲ್ಲ. ಸೇರದ ಗ್ರೌಂಡು ಲೂಪ್ ಕಟ್ಟಲಾರದು. ಐಸಿಯನ್ನು ಆರಿಸಿದರೆ ಎರಡೂ ಗ್ರೌಂಡುಗಳು ಸೇರಲೇಬೇಕು, ಆದರೆ ಆ ಸೇರುವಿಕೆ ಐಸಿಯ ಗ್ರೌಂಡ್ ಪಿನ್ನಿನ ಬಳಿ ಒಂದೇ ಕಡೆ ಆಗಬೇಕು.

ರಿಮೋಟ್ ಬೋರ್ಡಿಗೆ ಪ್ರತ್ಯೇಕ ಸಪ್ಲೈ ಕೊಡುವುದು ಈ ಲೇಖನದ ಎಲ್ಲ ಸಲಹೆಗಳಿಗಿಂತ ಮುಖ್ಯ. 9 ವೋಲ್ಟ್, 500 ಮಿಲಿಆಂಪಿಯರ್‌ನ ಸಣ್ಣ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, 1000 ಮೈಕ್ರೋಫ್ಯಾರಡ್ ಮತ್ತು 7805 ರೆಗ್ಯುಲೇಟರ್ ಸಾಕು. ಮೊಬೈಲ್ ಚಾರ್ಜರಿನ ಒಳಭಾಗ ಬಿಚ್ಚಿ ಹಾಕುವವರಿದ್ದಾರೆ. ಅಂಥ ಸಪ್ಲೈಗಳಲ್ಲಿ ಮೇನ್ಸ್ ಬದಿಯಿಂದ 5 ವೋಲ್ಟ್ ಬದಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ, ಅದರ ಮೂಲಕ ಸೋರುವ ಕರೆಂಟು ಆಡಿಯೋ ಗ್ರೌಂಡಿನಲ್ಲಿ ಜುಯ್ ಎಂಬ ಸದ್ದಾಗಿ ಕೇಳುತ್ತದೆ. ಇನ್ನು, ಅಂಗಡಿಯಲ್ಲಿ ಸಿಗುವ ಬ್ಲೂಟೂತ್, ಯುಎಸ್‌ಬಿ ಮತ್ತು ರಿಮೋಟ್ ಮೂರೂ ಇರುವ ಸಿದ್ಧ ಪ್ಯಾನೆಲ್ ಹಾಕುವುದಾದರೆ, ಅದರ 12 ವೋಲ್ಟನ್ನು ಮುಖ್ಯ ಸಪ್ಲೈನಿಂದ ಇಳಿಸಿ ಕೊಡಬೇಡಿ. ಹಾಗೆ ಕೊಟ್ಟಾಗ ಸಪ್ಲೈನ ಮೈನಸ್ ಒಂದು ದಾರಿಯಲ್ಲೂ ಆಡಿಯೋ ವೈರಿನ ಶೀಲ್ಡ್ ಇನ್ನೊಂದು ದಾರಿಯಲ್ಲೂ ಅದೇ ಗ್ರೌಂಡಿಗೆ ಬಂದು ಲೂಪ್ ಪೂರ್ತಿಯಾಗುತ್ತದೆ. ಕಿಟ್ ಹಾಕಿದ ಮೇಲೆ ಬಂದ ಹಮ್ಮಿಂಗ್ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಸಪ್ಲೈ ಬೇರೆ ಮಾಡಿ, ಪ್ಯಾನೆಲ್ಲಿನ ಗ್ರೌಂಡು ಆಡಿಯೋ ಶೀಲ್ಡಿನ ಮೂಲಕ ಮಾತ್ರ ಆಂಪ್ಲಿಫೈಯರ್ ಮುಟ್ಟುವಂತೆ ಮಾಡಿ.

ರಿಸೀವರ್, ಕೋಡು, ಮೋಟಾರು

ರಿಮೋಟಿನ ಇನ್‌ಫ್ರಾರೆಡ್ ಬೆಳಕನ್ನು ಹಿಡಿಯಲು ಟಿಎಸ್‌ಒಪಿ ಸರಣಿಯ ಮೂರು ಕಾಲಿನ ರಿಸೀವರ್ ಬೇಕು. ಹಳೆಯ ಟಿಎಸ್‌ಒಪಿ 1738ರ ಕಾಲುಗಳ ಕ್ರಮ ಗ್ರೌಂಡ್, ಸಪ್ಲೈ, ಔಟ್‌ಪುಟ್. ಈಗ ಅದರ ಬದಲಿಗೆ ಬರುವ 38238ರಲ್ಲಿ ಔಟ್‌ಪುಟ್, ಗ್ರೌಂಡ್, ಸಪ್ಲೈ. ಎರಡೂ 38 ಕಿಲೋಹರ್ಟ್ಜ್‌ನವೇ, ನೋಡಲೂ ಹೆಚ್ಚು ಕಡಿಮೆ ಒಂದೇ ಥರ ಇರುವುದರಿಂದ ಹಳೆಯ ಚಿತ್ರ ನೋಡಿ ಹೊಸದನ್ನು ಬೆಸೆದರೆ ರಿಸೀವರ್ ಸುಟ್ಟೀತು. ಸಪ್ಲೈ ಕಾಲಿಗೆ 100 ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ, ಕಾಲಿನ ಬುಡದಲ್ಲೇ ಗ್ರೌಂಡಿಗೆ 4.7 ಮೈಕ್ರೋಫ್ಯಾರಡ್ ಇರಲಿ. ಮೋಟಾರು ತಿರುಗುವಾಗ ರಿಸೀವರ್ ಗಲಿಬಿಲಿಗೊಳ್ಳದಿರಲು ಇದು ಬೇಕು. ಮುಂಭಾಗದಲ್ಲಿ ಕಡುಗೆಂಪು ಅಕ್ರಿಲಿಕ್ ತುಂಡು ಅಂಟಿಸಿ, ನೇರ ಬಿಸಿಲು ಬೀಳದ ಕಡೆ ಪೆಟ್ಟಿಗೆ ಇಡಿ.

ಹೊಸ ರಿಮೋಟ್ ಕೊಳ್ಳುವ ಅಗತ್ಯವಿಲ್ಲ, ಮೂಲೆ ಸೇರಿದ ಯಾವುದಾದರೂ ಹಳೆಯದು ನಡೆಯುತ್ತದೆ. ಗುಂಡಿ ಒತ್ತಿ ಮೊಬೈಲಿನ ಮುಂಬದಿ ಕ್ಯಾಮೆರಾದಲ್ಲಿ ನೋಡಿದಾಗ ತುದಿಯ ಎಲ್‌ಇಡಿ ನಸು ನೇರಳೆಯಾಗಿ ಮಿಣುಕಿದರೆ ಅದು ಜೀವಂತ. ಆರ್ಡುಯಿನೋ ನ್ಯಾನೋ (ಪ್ರೋಗ್ರಾಂ ತುಂಬಿ ನಡೆಸುವ ಪುಟ್ಟ ಕಂಟ್ರೋಲರ್) ಬೋರ್ಡಿಗೆ ಐಆರ್‌ರಿಮೋಟ್ ಲೈಬ್ರರಿಯ ರಿಸೀವ್ ಉದಾಹರಣೆಯನ್ನು ಹಾಕಿ, ಸೀರಿಯಲ್ ಮಾನಿಟರಿನಲ್ಲಿ ಒಂದೊಂದು ಗುಂಡಿಯ ಕೋಡನ್ನೂ ಬರೆದುಕೊಳ್ಳಿ. ಅದೇ ಕೋಣೆಯ ಟಿವಿ ಆ ರಿಮೋಟಿಗೆ ಓಗೊಡುವುದಿಲ್ಲ ಎಂದು ಮೊದಲೇ ನೋಡಿಕೊಳ್ಳಬೇಕು. ಎನ್‌ಇಸಿ ಮಾದರಿಯ ರಿಮೋಟುಗಳು ಗುಂಡಿಯನ್ನು ಒತ್ತಿ ಹಿಡಿದಾಗ ಪೂರ್ತಿ ಕೋಡನ್ನು ಮತ್ತೆ ಕಳುಹಿಸದೆ ಒಂದು ಚಿಕ್ಕ ಪುನರಾವರ್ತನೆಯ ಸಂಕೇತವನ್ನಷ್ಟೇ ಕಳುಹಿಸುತ್ತವೆ; ಪ್ರೋಗ್ರಾಂ ಬರೆಯುವಾಗ ವಾಲ್ಯೂಮ್ ಗುಂಡಿಗಳಿಗೆ ಈ ಸಂಕೇತವನ್ನು ಮುಂದುವರಿಕೆಯೆಂದು ಎಣಿಸಿ, ಪವರ್ ಮತ್ತು ಮ್ಯೂಟ್‌ಗೆ ಅದನ್ನು ಕಡೆಗಣಿಸಿ. ಇಲ್ಲದಿದ್ದರೆ ಪವರ್ ಗುಂಡಿಯನ್ನು ಅರೆಕ್ಷಣ ಹೆಚ್ಚು ಒತ್ತಿದರೂ ಆಂಪ್ಲಿಫೈಯರ್ ಹೊತ್ತಿ ಆರುತ್ತದೆ.

ಮೋಟಾರನ್ನು ಎಲ್293ಡಿ ಐಸಿಯ ಮೂಲಕ ನಡೆಸಿ, ಮೋಟಾರಿನ ಎರಡು ಟರ್ಮಿನಲ್‌ಗಳ ನಡುವೆ 0.1 ಮೈಕ್ರೋಫ್ಯಾರಡ್ ಬೆಸೆಯಿರಿ. ಈ ಐಸಿ ತಾನೇ ಎರಡು ವೋಲ್ಟಿನಷ್ಟು ನುಂಗುವುದರಿಂದ ಅದರ ಮೋಟಾರ್ ಪಿನ್ನಿಗೆ 5 ವೋಲ್ಟಿನ ಬದಲು ಪ್ರತ್ಯೇಕ 7808ರಿಂದ 8 ವೋಲ್ಟ್ ಕೊಡುವುದು ವಾಸಿ. ಆಗ ಮೋಟಾರು ಎಳೆಯುವ ಕರೆಂಟಿನಿಂದ ನ್ಯಾನೋ ರೀಸೆಟ್ ಆಗುವ ಕಾಟವೂ ಇರುವುದಿಲ್ಲ. ಪಿಟಿ 2314 ಹಾಕಿದವರು ಡೇಟಾಶೀಟಿನಲ್ಲಿ ವಿಳಾಸ ಹೆಕ್ಸ್ 88 ಎಂದಿದ್ದರೂ ಆರ್ಡುಯಿನೋದಲ್ಲಿ 44 ಎಂದೇ ಬರೆಯಬೇಕು, ಏಕೆಂದರೆ ಕೊನೆಯ ಬಿಟ್ಟನ್ನು ಲೈಬ್ರರಿ ತಾನೇ ಸೇರಿಸುತ್ತದೆ. ಗುಂಡಿ ಒತ್ತಿದಾಗ ಮಾತ್ರ ಆದೇಶ ಹೋಗುವಂತೆ ಬರೆಯಿರಿ. ಪ್ರೋಗ್ರಾಂನ ಲೂಪಿನಲ್ಲಿ ಸದಾ ಕಳುಹಿಸುತ್ತಿದ್ದರೆ ಆ ಮಿಡಿತ ಸ್ಪೀಕರಿನಲ್ಲಿ ಕಿರಕಿರ ಎಂದು ಕೇಳುತ್ತದೆ.

ಮ್ಯೂಟ್‌ಗೆ ರಿಲೇ ಬೇಡ. ಟಿಡಿಎ 7294ರ 10ನೇ ಕಾಲು ಮ್ಯೂಟ್, 9ನೇ ಕಾಲು ಸ್ಟ್ಯಾಂಡ್‌ಬೈ, ಅವು 1.5 ವೋಲ್ಟಿಗಿಂತ ಕೆಳಗೆ ಐಸಿಯನ್ನು ತಡೆದು 3.5 ವೋಲ್ಟಿಗಿಂತ ಮೇಲೆ ಬಿಡುತ್ತವೆ. ಆದರೆ ನ್ಯಾನೋದ ಪಿನ್ನನ್ನು ನೇರವಾಗಿ ಈ ಕಾಲುಗಳಿಗೆ ಬೆಸೆದರೆ ಅಷ್ಟು ಹೊತ್ತು ಬೇರೆಯಾಗಿಟ್ಟ ಗ್ರೌಂಡುಗಳು ಸೇರಿಹೋಗುತ್ತವೆ. ನಡುವೆ ಪಿಸಿ 817 ಆಪ್ಟೋಕಪ್ಲರ್ (ವೈರಿನ ಸಂಪರ್ಕವಿಲ್ಲದೆ ಬೆಳಕಿನಿಂದ ಸಂಕೇತ ದಾಟಿಸುವ ಭಾಗ) ಹಾಕಿ, ಮ್ಯೂಟ್ ಕಾಲಿಗೆ ಬೇಕಾದ ವೋಲ್ಟೇಜನ್ನು ಆಂಪ್ಲಿಫೈಯರಿನ ಸಪ್ಲೈನಿಂದಲೇ ಕೊಡಿ. ಮೇನ್ಸ್ ಆನ್ ಮಾಡುವ ರಿಲೇ ಫೇಸ್ ವೈರನ್ನೇ ಕಡಿಯಬೇಕು, ಅದರ ಕಾಯಿಲ್ ಮೇಲೆ 1ಎನ್ 4007 ಡಯೋಡ್ ತಿರುಗಿಸಿ ಹಾಕಬೇಕು. ಅದು ಇಲ್ಲದಿದ್ದರೆ ಡ್ರೈವರ್ ಟ್ರಾನ್ಸಿಸ್ಟರ್ ಬೇಗ ಸಾಯುತ್ತದೆ. ಕರೆಂಟ್ ಹೋಗಿ ಬಂದಾಗ ಆಂಪ್ಲಿಫೈಯರ್ ತಾನಾಗಿ ಹೊತ್ತಿಕೊಳ್ಳದೆ ಸ್ಟ್ಯಾಂಡ್‌ಬೈನಲ್ಲೇ ಉಳಿಯುವಂತೆ ಪ್ರೋಗ್ರಾಂನಲ್ಲಿ ಬರೆದಿಡಿ.

ಕೂಡಿಸುತ್ತ ಅಳೆಯುವುದು

ಈಗ ಆ ಚೀಟಿ ಹೊರತೆಗೆಯಿರಿ. ಮೊದಲು ರಿಮೋಟ್ ಬೋರ್ಡನ್ನು ಯಾವುದಕ್ಕೂ ಸೇರಿಸದೆ ಬರಿ ಸಪ್ಲೈ ಕೊಟ್ಟು ಪೆಟ್ಟಿಗೆಯೊಳಗೆ ಇಟ್ಟು ಸ್ಪೀಕರ್ ಟರ್ಮಿನಲ್ ಅಳೆಯಿರಿ. ಓದು ಏರಿದರೆ ಸಣ್ಣ ಟ್ರಾನ್ಸ್‌ಫಾರ್ಮರ್ ಇನ್‌ಪುಟ್ ವೈರಿಗೆ ಹತ್ತಿರವಾಗಿದೆ, ಜಾಗ ಬದಲಿಸಿ. ನಂತರ ವಾಲ್ಯೂಮ್ ಕಂಟ್ರೋಲ್, ಅದಾದ ಮೇಲೆ ಮ್ಯೂಟ್, ಕೊನೆಗೆ ರಿಲೇ, ಒಂದೊಂದು ವೈರು ಸೇರಿಸಿದ ಮೇಲೂ ಒಮ್ಮೆ ಅಳೆಯಿರಿ. ಓದು ಎಲ್ಲಿ ಏರಿತೋ ಆ ವೈರಿನಲ್ಲೇ ಗ್ರೌಂಡಿನ ಎರಡನೇ ದಾರಿ ಇದೆ. ಕರೆಂಟ್ ತೆಗೆದು, ರಿಮೋಟ್ ಬೋರ್ಡಿನ ಗ್ರೌಂಡಿಗೂ ಸ್ಟಾರ್ ಗ್ರೌಂಡಿಗೂ ನಡುವೆ ಓಮ್ ರೇಂಜಿನಲ್ಲಿ ನೋಡಿದರೆ ಮೋಟಾರ್ ಪದ್ಧತಿಯಲ್ಲಿ ಸಂಪರ್ಕವೇ ಇರಬಾರದು. ಬೋರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿದ ಲೋಹದ ಸ್ಕ್ರೂವಿನ ಮೂಲಕವೇ ಗ್ರೌಂಡು ತಾಗಿಬಿಡುವುದುಂಟು, ಅಂಥಲ್ಲಿ ಪ್ಲಾಸ್ಟಿಕ್ ಸ್ಪೇಸರ್ ಹಾಕಿ. ಕೊನೆಯ ಓದನ್ನು ಮುಚ್ಚಳ ಹಾಕಿ, ಸ್ಕ್ರೂ ಬಿಗಿದ ಬಳಿಕವೇ ತೆಗೆದುಕೊಳ್ಳಿ, ಏಕೆಂದರೆ ಕಬ್ಬಿಣದ ಮುಚ್ಚಳವು ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದ ದಾರಿಯನ್ನು ಬದಲಿಸಿ ಓದನ್ನು ಏರಿಸುವುದೂ ಇದೆ, ಇಳಿಸುವುದೂ ಇದೆ.